ಒಂಬತ್ತು ಬನೀನು, ಒಂದು ಕುಪ್ಪಸ

ಉಟಗಿ, ತಾಲೂಕು ಜತ್ತ
8 ನವೆಂಬರ್ 1953

ಸೋಲಾಪುರದ ಸೌಭಾಗ್ಯವತಿ ಹಾಲವ್ವನವರಿಗೆ,

ಉಟಗಿಯಿಂದ ಮಹಮುದಾ ಬರೆಯುವ ಪತ್ರ. ಅಕ್ಷರ ನೋಡಿ ಗುರುತು ಹತ್ತದಿದ್ದರೆ ಕೆಳಗಿನ ಸಹಿ ನೋಡಿಕೊಳ್ಳಿ. ನಾಲ್ಕನೆಯ ಇಯತ್ತೆಯ ತನಕ ನಾವಿಬ್ಬರೂ ಒಂದೇ ಪಾಟಿಯ ಮೇಲೆ ಬರೆದವರು ನಿಜ. ಆದರೆ ನೀವು ಮದುವೆಯಾಗಿ ಹೋದ ಈ ಆರು ವರ್ಷದಲ್ಲಿ ಕೈ ಬದಲಾಗುತ್ತದೆ. ಪತ್ರವೆಂದರೆ ಪುಸ್ತಕದ ಮಾತಿನಲ್ಲೇ ಇರಬೇಕೆಂದು ನಮ್ಮ ಮಾಸ್ತರರು ಬೆರಳ ಮೇಲೆ ಹೊಡೆದು ಕಲಿಸಿದ್ದರು. ಹಾಗೆಯೇ ಬರೆಯುತ್ತೇನೆ.

ನಮ್ಮ ಮನೆಯವರು, ಇಮಾಮ, ತೀರಿಕೊಂಡು ಬರುವ ತಿಂಗಳಿಗೆ ಎರಡು ವರ್ಷ. ನಿಮಗೆ ಸುದ್ದಿ ಮುಟ್ಟಿರಬೇಕು. ಹೊಲಿಗೆ ಮಷೀನು ಮನೆಯಲ್ಲೇ ಇದೆ. ಅವರಿದ್ದಾಗಲೂ ಹೆಂಗಸರ ಬಟ್ಟೆಯನ್ನೆಲ್ಲ ಹೊಲಿಯುತ್ತಿದ್ದವಳು ನಾನೇ, ಅದು ಊರಿಗೆ ಗೊತ್ತು. ಆದರೂ ಈಗ ನನ್ನ ಹತ್ತಿರ ಯಾರೂ ಬಟ್ಟೆ ತರುವುದಿಲ್ಲ. ನಿಮ್ಮ ಮದುವೆಯಲ್ಲಿ ಅಕ್ಷತೆಯ ಅಕ್ಕಿಕಾಳು ಬೀಳುವ ಹೊತ್ತಿಗೆ ಆ ಹಸಿರು ಕುಪ್ಪಸದ ಬಗಲು ಬಿಚ್ಚಿಕೊಂಡ ದಿನದಿಂದ ಊರಲ್ಲಿ ಒಂದು ಗಾದೆ ಹುಟ್ಟಿದೆ: ‘ಮಹಮುದಾನ ಹೊಲಿಗಿ, ಅಕ್ಕಿಕಾಳ ಬೀಳೂತನಕ.’ ಬುಟ್ಟಿ ಹರಿದರೂ ಅದೇ ಮಾತು, ಗೋಡೆ ಬಿದ್ದರೂ ಅದೇ ಮಾತು. ಇಮಾಮ ಇರುವ ತನಕ ಅವರ ಹೆಸರಿನ ನೆರಳಲ್ಲಿ ಕೆಲಸ ನಡೆಯಿತು. ಈಗ ಆ ನೆರಳಿಲ್ಲ.

ಜತ್ತದಲ್ಲಿ ಅಂಗಡಿಯಿಟ್ಟಿರುವ ನಮ್ಮ ಭಾವ ದಸ್ತಗೀರ ಮೊನ್ನೆ ಬಂದಿದ್ದರು. ಕೆಟ್ಟ ಮನುಷ್ಯರಲ್ಲ. ಮಷೀನಿನ ಮೇಲಿನ ಧೂಳಿನಲ್ಲಿ ಬೆರಳಾಡಿಸಿ, “ನೋಡವಾ, ಕಬ್ಬಿಣ ಕುಂತ್ರ ತುಕ್ಕು ಹಿಡೀತದ. ಸುಗ್ಗಿ ಮುಗಿದ ಮ್ಯಾಲ ಬಂಡಿ ತರ್ತೀನಿ. ಅಷ್ಟರಾಗ ಕೆಲಸ ಬಂದ್ರ ನಿನ್ನ ಕಡೀನೇ ಇರ್ಲಿ, ಇಲ್ಲಂದ್ರ ನನ್ನ ಅಂಗಡ್ಯಾಗ ತಿರಗ್ಲಿ” ಎಂದರು. ಆ ಮಷೀನು ಹೋದರೆ ನಾನು ಅವರ ಮನೆಯ ಹಿತ್ತಲಲ್ಲಿ ಪಾತ್ರೆ ತಿಕ್ಕಿಕೊಂಡು ಇರಬೇಕಾದವಳು. ಅವರು ಹೊರಗೆ ಹಾಕುವವರಲ್ಲ. ನನಗೇ ಅದು ಬೇಡ.

ಈಗ ಕೆಲಸದ ಮಾತು. ನಮ್ಮೂರ ತರುಣರು ಹುತುತು, ಪೇಟೆಯವರು ಕಬಡ್ಡಿ ಎನ್ನುತ್ತಾರಲ್ಲ, ಅದರ ತಂಡ ಕಟ್ಟಿದ್ದಾರೆ. ಕುರಿ ಕಾಯುವ ಬೀರದೇವ ಅದಕ್ಕೆ ಮುಖಂಡ. ಹುತುತು ಅಂದರೆ ಒಬ್ಬರನ್ನೊಬ್ಬರು ಹಿಡಿದು ಜಗ್ಗುವುದೇ ಆಟ, ಹೀಗಾಗಿ ದಿನಾ ಸಂಜೆ ಒಂದು ಅಂಗಿ ಹರಿಯುತ್ತದೆ. ತಾಯಂದಿರು ಸಿಟ್ಟಾಗಿದ್ದಾರೆ. ಬೀರದೇವನ ತಾಯಿ ಗುರವ್ವ ಮೈದಾನಕ್ಕೇ ಬಂದು, “ಬರಿಮೈಲೆ ಆಡ್ರಿ, ಇಲ್ಲಾ ಆಟ ಬಿಡ್ರಿ” ಎಂದು ಹೇಳಿ ಹೋದಳು. ಆದರೆ ಜನವರಿ ಇಪ್ಪತ್ತಾರಕ್ಕೆ ಜತ್ತದಲ್ಲಿ ಪಂದ್ಯಗಳಿವೆ. ಅಲ್ಲಿ ಒಂಬತ್ತೂ ಜನ ಒಂದೇ ಥರದ ಅಂಗಿ ತೊಟ್ಟಿರಬೇಕೆಂದು ನಿಯಮ. ಬೀರದೇವ ನನ್ನ ಬಾಗಿಲಿಗೆ ಬಂದು, “ಹರೀಲಾರ್ದಂಥದು ಒಂಬತ್ತು ಹೊಲದು ಕೊಡ್ತೀರೇನ್ರಿ? ಒಂದಕ್ಕ ಒಂದು ರೂಪಾಯಿ ಮ್ಯಾಲ ಹೋದ್ರ ನಮ್ಮವ್ವ ಕೊಡಂಗಿಲ್ಲ” ಎಂದ. ಬೇರೆ ಯಾವ ದರ್ಜಿಯೂ ಒಪ್ಪಲಿಲ್ಲವೆಂದು ನನ್ನ ಹತ್ತಿರ ಬಂದದ್ದು. ಅದು ನನಗೂ ಗೊತ್ತು, ಅವನಿಗೂ ಗೊತ್ತು.

ನಿಮ್ಮ ಯಜಮಾನರು ಬನೀನಿನ ಕಾರಖಾನೆಯಲ್ಲಿದ್ದಾರೆಂದು ಕೇಳಿದ್ದೇನೆ. ಜಗ್ಗಿದರೆ ಜಗ್ಗಿ ಮತ್ತೆ ಕೂಡಿಕೊಳ್ಳುವ ಆ ಅರಿವೆಯಲ್ಲಿ ಯಾವುದು ಗಟ್ಟಿ, ಯಾವುದು ಅಗ್ಗ ಎಂದು ತಿಳಿಸಬೇಕು. ಒಂದೊಂದು ಗೇಣು ತುಂಡು ಕಳಿಸಿದರೆ ಉಪಕಾರ. ಬೇರೆ ಏನನ್ನೂ ನಾನು ಕೇಳುತ್ತಿಲ್ಲ.

ಇತಿ,
ಮಹಮುದಾ ಇಮಾಮ ದರ್ಜಿ


ಸೋಲಾಪುರ
20 ನವೆಂಬರ್ 1953

ಪ್ರೀತಿಯ ಮಹಮುದಾಗೆ,

ನಿನ್ನ ಪತ್ರದ ಪಾಕೀಟು ನೋಡಿ ಮೊದಲು ಖುಷಿಯಾಯಿತು. ಒಳಗೆ ‘ಹಾಲವ್ವನವರಿಗೆ’ ಎಂದು ಓದಿ ಒಲೆಯ ಮುಂದೆ ಕುಳಿತು ಅತ್ತೆ. ರೊಟ್ಟಿ ಹೊತ್ತಿತು. ಅತ್ತೆಯವರು ಕೇಳಿದರೆ ಹೊಗೆ ಎಂದೆ. ನನಗೆ ‘ನೀವು’ ಅನ್ನುವಷ್ಟು ದೊಡ್ಡವಳಾಗುವ ಕೆಲಸ ನಾನೇನೂ ಮಾಡಿಲ್ಲ ಮಹಮುದಾ. ಮಾಡಿದ್ದೆಲ್ಲ ಸಣ್ಣ ಕೆಲಸವೇ.

ಇಮಾಮಣ್ಣನ ಸುದ್ದಿ ಅವ್ವ ಹೇಳಿ ಕಳಿಸಿದ್ದಳು. ಮೂರು ಸಲ ಕಾರ್ಡು ಬರೆದು ಮೂರು ಸಲವೂ ಹರಿದೆ. ಯಾಕೆ ಹರಿದೆನೆಂದು ಕೇಳಬೇಡ.

ಇವರಿಗೆ ನಿನ್ನ ಪತ್ರ ಓದಿ ಹೇಳಿದೆ. ನಮ್ಮ ಮಲಕಾಜಪ್ಪನವರಿಗೆ ಮನೆಯಲ್ಲಿ ಬಾಯಿಗೆ ಬೀಗ, ಬನೀನಿನ ಮಾತು ಬಂದರೆ ಮಾತ್ರ ಹೊಳೆ ಬಂದ ಹಾಗೆ. ಊಟದ ತಾಟು ಸರಿಸಿ ತಮ್ಮ ಮೈಮೇಲಿನ ಬನೀನು ಬಿಚ್ಚಿ ಗೋಡೆಗೆ ಹಿಡಿದು ಪಾಠ ಶುರು ಮಾಡಿದರು. ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ.

ಇಲ್ಲಿ ಇದಕ್ಕೆ ಮರಾಠಿಯವರು ಗಂಜಿಫ್ರಾಕ ಅನ್ನುತ್ತಾರೆ. ಇದರಲ್ಲಿ ಹಾಸು ಹೊಕ್ಕು ಇಲ್ಲ. ನಾವು ಸಾಲೆಯಲ್ಲಿ ಕ್ರೋಶಾ ಹೆಣೆಯುತ್ತಿದ್ದೆವಲ್ಲ, ಹಾಗೆ ಒಂದೇ ನೂಲು ಕುಣಿಕೆ ಕುಣಿಕೆಯಾಗಿ ಹೋಗುತ್ತದೆ. ಅದಕ್ಕೇ ಜಗ್ಗುತ್ತದೆ. ಮಷೀನಿನಿಂದ ಗುಂಡಗೆ ಚೀಲದ ಹಾಗೆ ಇಳಿಯುವುದರಿಂದ ಪಕ್ಕಕ್ಕೆ ಹೊಲಿಗೆ ಬೇಕಿಲ್ಲ. ತೋಳು, ಭುಜ, ಕೊರಳು, ಇಷ್ಟೇ ಹೊಲಿಯುವುದು. ಕೊಳ್ಳುವಾಗ ಅಡ್ಡಕ್ಕೆ ಜಗ್ಗಿ ಬಿಡಬೇಕು. ತಿರುಗಿ ತನ್ನ ಅಳತೆಗೆ ಬಂದರೆ ಅದು ಒಳ್ಳೆಯ ನೂಲು. ಜಗ್ಗಿದ್ದು ಜಗ್ಗಿದ ಹಾಗೇ ಉಳಿದರೆ ಕೈಗೆ ತೆಗೆದುಕೊಳ್ಳಬೇಡ. ಆಮೇಲೆ ಎರಡು ಅಂಗೈ ನಡುವೆ ತಿಕ್ಕಬೇಕು. ಬಿಳಿ ಹಿಟ್ಟು ಉದುರಿದರೆ ಅದು ಖಳಿ, ಅಂದರೆ ಹಚ್ಚಿದ ಗಂಜಿ, ಅರಿವೆಯಲ್ಲ. “ಖಳಿ ಕುಡಿಸಿ ದಪ್ಪ ಮಾಡಿದ್ದು ಮೊದಲ ನೀರಿಗೆ ಸೊರಗ್ತದ” ಅಂದರು.

ಮೂರು ತುಂಡು ಇಟ್ಟಿದ್ದೇನೆ. ಹಾಲಿನಂಥ ಬಿಳಿಯದಕ್ಕೆ ಬೆಲೆ ಜಾಸ್ತಿ. ದಪ್ಪಗೆ ಕಾಣುವುದು ನಡುವಿನ ಬೆಲೆಯದು. ಜೋಳದ ರೊಟ್ಟಿಯ ಬಣ್ಣದ್ದು ಕೋರಾ, ತೊಳೆದು ಬಿಳಿ ಮಾಡದ್ದು. ಅದನ್ನು ಯಾರೂ ಕೇಳುವುದಿಲ್ಲ, ಅದಕ್ಕೇ ಅಗ್ಗ. ಯಾವುದು ಗಟ್ಟಿ ಎಂದು ಇವರಿಗೆ ಗೊತ್ತು, ಹೇಳಲಿಲ್ಲ. “ಆಕಿ ದರ್ಜಿ ಇದ್ದಾಳ, ಆಕೀನೇ ನೋಡಿ ಹೇಳ್ಲಿ” ಅಂದರು.

ಒಂದು ಕೇಳಲೇ? ಆ ಗಾದೆ ಮಾತು ನಿಜವಾಗಿಯೂ ಇನ್ನೂ ಆಡುತ್ತಾರೆಯೇ? ಊರು ಮರೆತಿರಬಹುದು ಎಂದುಕೊಂಡಿದ್ದೆ.

ನಿನ್ನ
ಹಾಲವ್ವ


ಉಟಗಿ
13 ಡಿಸೆಂಬರ್ 1953

ಹಾಲವ್ವನವರಿಗೆ,

ತುಂಡುಗಳು ಬಂದವು. ನಿಮ್ಮ ಯಜಮಾನರಿಗೆ ನನ್ನ ಸಲಾಮು ಹೇಳಿ. ಉತ್ತರ ಹೇಳಿಕೊಡದೆ ಲೆಕ್ಕ ಬಿಡಿಸಲು ಕೊಡುವ ಮಾಸ್ತರು ನನಗೆ ಸೇರುತ್ತಾರೆ.

ಮೂರನ್ನೂ ಬೀರದೇವನ ಹಳೆಯ ಅಂಗಿಯ ಭುಜದ ಮೇಲೆ ಸಾಲಾಗಿ ಹೊಲಿದೆ. ಅವನು ದಿನವಿಡೀ ಕೋಲು ಹೊರುವುದು ಅದೇ ಭುಜದ ಮೇಲೆ. ಸಂಜೆ ಆ ಅಂಗಿಯನ್ನು ಗುರವ್ವನಿಂದ ಒಗೆಸಿದೆ. ಗುರವ್ವ ಒಗೆಯುವುದು ನಿಮಗೆ ನೆನಪಿರಬೇಕು. ಚೌಳು ಮಣ್ಣು ಹಚ್ಚಿ ಆಕೆ ಎತ್ತಿ ಬಡಿದರೆ ಕಲ್ಲು ಸವೆಯಬೇಕು, ಅರಿವೆ ಉಳಿದರೆ ಅದರ ಪುಣ್ಯ. ಹೀಗೆ ಹದಿನೈದು ದಿನ. ನಡುವೆ ಒಂದು ದಿನ ಮೂರನ್ನೂ ಜಾಲಿ ಮುಳ್ಳಿಗೆ ಸಿಕ್ಕಿಸಿ ಎಳೆದೆ. ಬೀರದೇವ, “ಬಾಯಾರ, ಅಂಗಿ ನಂದ್ರೀ” ಎಂದು ಅಳುಮುಖ ಮಾಡಿದ. ಆಟಕ್ಕೆ ಇಳಿದವನು ಅಂಗಿಗೆ ಅಳಬಾರದು ಎಂದೆ.

ದಪ್ಪನೆಯದು ಮೂರನೆಯ ನೀರಿಗೇ ಜರಡಿಯಾಯಿತು. ಹಾಲಿನಂಥ ಬಿಳಿಯದು ಒಂಬತ್ತನೆಯ ದಿನ ತೂತು ಬಿತ್ತು, ಬಿದ್ದ ತೂತು ಏಣಿಯ ಹಾಗೆ ಕೆಳಗಿಳಿಯುತ್ತ ಹೋಯಿತು. ಬಿಳಿ ಮಾಡಲು ಹಾಕಿದ ಔಷಧವೇ ಅದರ ಜೀವ ತಿಂದಿರಬೇಕು. ಕೋರಾ ತುಂಡು ಹದಿನೈದು ದಿನವಾದರೂ ಹಾಗೆಯೇ ಇದೆ, ಒಗೆದಷ್ಟೂ ಮೆತ್ತಗಾಗಿದೆ. ಮೂರರಲ್ಲಿ ಎಲ್ಲಕ್ಕಿಂತ ಅಗ್ಗದ್ದು ಅದೇ. ನನ್ನ ಜೀವನದಲ್ಲಿ ಅಗ್ಗದ್ದು ಗಟ್ಟಿ ನಿಂತದ್ದು ಇದೇ ಮೊದಲು.

ಒಂದು ದೋಷವಿದೆ. ಒಗೆದ ಮೇಲೆ ಕೋರಾ ಗೇಣಿಗೆ ಒಂದು ಬೆರಳು ಕುಗ್ಗುತ್ತದೆ. ಮೊದಲು ನೀರಿಗೆ ಹಾಕಿ ಒಣಗಿಸಿ ಆಮೇಲೆ ಕತ್ತರಿಸಿದರೆ ಆಯಿತೆಂದು ತೋರುತ್ತದೆ. ಸರಿಯೇ ಎಂದು ಕೇಳಿ ತಿಳಿಸಬೇಕು.

ಬಣ್ಣ ನೋಡಿ ತರುಣರು ಮೂಗು ಮುರಿದರು. ಗುರವ್ವ ಮಾತ್ರ, “ಮಣ್ಣಾಗ ಬಿದ್ದು ಹೊರಳೂವ್ರಿಗೆ ಮಣ್ಣಿನ ಬಣ್ಣ ಚಲೋ” ಎಂದಳು. ಅಲ್ಲಿಗೆ ತೀರ್ಮಾನವಾಯಿತು. ಬೀರದೇವ ಕುರಿ ಮಾರಲು ಸೋಲಾಪುರದ ಪೇಟೆಗೆ ಬರುತ್ತಾನೆ. ರೊಕ್ಕ ಅವನ ಕೈಯಲ್ಲಿದೆ. ಒಂಬತ್ತು ಜನರಿಗಾಗುವಷ್ಟು ಕೋರಾ ಕೊಡಿಸಿ ಕಳಿಸಿರಿ.

ಗಾದೆಯ ಮಾತು ಕೇಳಿದಿರಿ. ಹೌದು, ಆಡುತ್ತಾರೆ. ಮೊನ್ನೆ ಬಾವಿಯ ಹಗ್ಗ ಹರಿದಾಗಲೂ ಆಡಿದರು. ಹಗ್ಗ ನಾನು ಹೊಸೆದದ್ದಲ್ಲ.

ಇತಿ,
ಮಹಮುದಾ


ಸೋಲಾಪುರ
23 ಡಿಸೆಂಬರ್ 1953

ಪ್ರೀತಿಯ ಮಹಮುದಾಗೆ,

ಬೀರದೇವನ ಕೈಯಲ್ಲಿ ಅರಿವೆ ಕಳಿಸಿದ್ದೇನೆ. ಇವರು ಕಾರಖಾನೆಯಲ್ಲಿ ತಾವೇ ನಿಂತು ಒಂದು ತೂತೂ ಇಲ್ಲದ್ದನ್ನು ಆರಿಸಿದರು. ಕೊರಳಿಗೆ ಹಾಕುವ ಪಟ್ಟಿಯೂ ಅದರಲ್ಲೇ ಸುತ್ತಿದೆ. ನೀನು ಕೋರಾ ಆರಿಸಿದ ರೀತಿ ಓದಿ ಹೇಳಿದಾಗ ಇವರು ಎರಡು ಸಲ ಓದಿಸಿದರು. “ನಮ್ಮ ಕಾರಖಾನ್ಯಾಗ ಇಂಥಾಕಿ ಒಬ್ಬಾಕಿ ಇರಬೇಕಾಗಿತ್ತು” ಅಂದರು. ನೀರಿಗೆ ಹಾಕಿಯೇ ಕತ್ತರಿಸಬೇಕಂತೆ, ಒಂದು ಸಲ ಅಲ್ಲ, ಎರಡು ಸಲ.

ಬೀರದೇವ ನಮ್ಮ ಮನೆಯಲ್ಲಿ ಉಂಡ. ನಾಲ್ಕು ರೊಟ್ಟಿ ಸಂಕೋಚದಿಂದ, ಆಮೇಲೆ ನಾಲ್ಕು ಸಂಕೋಚವಿಲ್ಲದೆ. ನಿನ್ನ ಬಗ್ಗೆ ಕೇಳಿದೆ. ಮನೆಯ ಕಟ್ಟೆಯ ಮೇಲೆ ಕೂಡುವುದನ್ನೇ ಬಿಟ್ಟಿದ್ದೀಯಂತೆ. ನಾವಿಬ್ಬರೂ ಅದೇ ಕಟ್ಟೆಯ ಮೇಲೆ ಹುಣಸೆಕಾಯಿ ತಿಂದು ಹಲ್ಲು ಜುಮ್ಮೆನಿಸಿಕೊಳ್ಳುತ್ತಿದ್ದೆವು. ಅಂಥವಳು ಒಳಗೆ ಕೂತಿದ್ದಾಳೆಂದು ಕೇಳಿ ನನ್ನ ಪಾಲಿನ ರೊಟ್ಟಿಯನ್ನೂ ಅವನಿಗೇ ಬಡಿಸಿದೆ.

ಒಂದು ಮಾತು. ಹುಡುಗರ ಅಳತೆ ಅವರ ಬಾಯಿಂದ ಕೇಳಬೇಡ, ನೀನೇ ಹಿಡಿದು ನೋಡು. ಜನ ತಮ್ಮ ಅಳತೆಯನ್ನು ಸುಳ್ಳು ಹೇಳುತ್ತಾರೆ ಮಹಮುದಾ. ನಾಚಿಕೆಗೆ ಹೇಳುತ್ತಾರೆ.

ನಿನ್ನ
ಹಾಲವ್ವ


ಉಟಗಿ
6 ಜನವರಿ 1954

ಹಾಲವ್ವ,

ಈ ಪತ್ರದಲ್ಲಿ ಉಪಚಾರದ ಮಾತು ಏನೂ ಇಲ್ಲ.

ಎರಡು ನೀರು ಕಾಣಿಸಿ, ನೆರಳಲ್ಲಿ ಒಣಗಿಸಿ, ಬೀರದೇವನ ಅಳತೆಗೆ ಮೊದಲ ಬನೀನು ಕತ್ತರಿಸಿದೆ. ಮಷೀನಿಗೆ ಎಣ್ಣೆ ಬಿಟ್ಟು, ಹೊಸ ಸೂಜಿ ಹಾಕಿ, ಒಂದಕ್ಕೆ ಎರಡು ಸಾಲು ಹೊಲಿದೆ. ದುಂಡು ಕೊರಳು, ಅರ್ಧ ತೋಳು. ನೋಡಲು ಅಷ್ಟು ಚೆನ್ನಾಗಿತ್ತು ಎಂದರೆ ಎರಡು ವರ್ಷದ ಮೇಲೆ ನಾನು ಹಾಡು ಗುನುಗಿದೆ. ಸಂಜೆ ಊರ ಹೆಂಗಸರೆಲ್ಲ ನೋಡಲು ಮೈದಾನಕ್ಕೆ ಬಂದರು. ನಾನೂ ಹೋದೆ. ಹೋಗಬಾರದಿತ್ತು.

ಬೀರದೇವ ಉಸಿರು ಹಿಡಿದು ಒಳಗೆ ಹೋದ. ಇಬ್ಬರು ಅವನ ತೋಳಿಗೆ ಜೋತುಬಿದ್ದರು. ಚರ್ರೆಂದು ಸಪ್ಪಳ ಬಂತು. ಅರಿವೆಗೆ ಏನೂ ಆಗಿರಲಿಲ್ಲ. ಅದು ಜಗ್ಗಿತು, ನಾನು ಹಾಕಿದ ದಾರ ಜಗ್ಗಲಿಲ್ಲ. ಬಗಲ ಹೊಲಿಗೆ ಈ ತುದಿಯಿಂದ ಆ ತುದಿಗೆ ಬಿಚ್ಚಿಹೋಯಿತು. ಆಮೇಲೆ ಯಾರೋ ಗಾದೆಯ ಅರ್ಧ ಹೇಳಿದರು, ಉಳಿದವರು ಪೂರ್ತಿ ಮಾಡಿದರು. ಗುರವ್ವ ಮಾತ್ರ ಒಂದು ಹೆಜ್ಜೆ ಮುಂದೆ ಹೋಗಿ, “ಆವಾಗ ಅಕ್ಕಿಕಾಳಾದ್ರೂ ಬಿದ್ದಿದ್ದೂ, ಈಗ ಅವೂ ಇಲ್ಲ” ಎಂದಳು. ನಗೆ ಊರ ತನಕ ಕೇಳಿರಬೇಕು. ಬೀರದೇವ ನಗಲಿಲ್ಲ. ಅದೇ ಹೆಚ್ಚು ನೋವಾಯಿತು.

ಈ ಸಲ ತಪ್ಪು ನನ್ನದೇ. ಮರುದಿನ ಮೂರು ಸಾಲು ಹಾಕಿ ನೋಡಿದೆ. ಕೈಯಿಂದ ಜಗ್ಗಿದರೂ ಪಟಪಟನೆ ಕಡಿಯಿತು. ಎಷ್ಟು ಬಿಗಿ ಹೊಲಿದರೆ ಅಷ್ಟು ಬೇಗ ಕಡಿಯುತ್ತದೆ. ನನಗೆ ತಿಳಿದ ವಿದ್ಯೆಯೇ ಬಿಗಿ ಹೊಲಿಯುವುದು. ಇನ್ನು ಇಪ್ಪತ್ತು ದಿನ ಉಳಿದಿದೆ. ಕತ್ತರಿಸಿದ ಅರಿವೆ ಮನೆಯ ತುಂಬ ಹರಡಿದೆ. ನಿಮ್ಮ ಯಜಮಾನರಿಗೆ ಉಪಾಯ ತಿಳಿದಿದ್ದರೆ ತಿರುಗು ಟಪಾಲಿಗೆ ಬರೆಯಿರಿ. ಇಲ್ಲದಿದ್ದರೆ ಭಾವನವರಿಗೆ ಸುಗ್ಗಿಯ ತನಕ ಕಾಯುವುದು ಬೇಡ, ಈಗಲೇ ಬಂಡಿ ತನ್ನಿ ಎಂದು ಹೇಳಿಕಳಿಸುತ್ತೇನೆ.

ಮಹಮುದಾ


ಸೋಲಾಪುರ
10 ಜನವರಿ 1954

ಮಹಮುದಾ,

ಮೊದಲು ಇವರ ಮಾತು ಬರೆದುಬಿಡುತ್ತೇನೆ, ಆಮೇಲೆ ನನ್ನದು. ಕಾರಖಾನೆಯಲ್ಲಿ ಬನೀನು ಹೊಲಿಯುವ ಮಷೀನೇ ಬೇರೆಯಂತೆ. ಅದು ದಾರವನ್ನು ಕುಣಿಕೆ ಮಾಡುತ್ತ ಹೋಗುತ್ತದೆ. ನಿನ್ನ ಮಷೀನು ಆ ಹೊಲಿಗೆ ಹಾಕಲಾರದು. “ಅರಿವಿ ಹ್ಯಾಂಗ ಜಗ್ತದೋ ಹೊಲಿಗಿನೂ ಹಂಗ ಜಗ್ಗಬೇಕು. ದಾರ ನೆಟ್ಟಗ ಹೋದ್ರ ಕಡೀತದ. ಆಕಿ ಕೆಲಸದಾಗ ಏನೂ ತಪ್ಪಿಲ್ಲ ಅಂತ ಬರಿ” ಅಂದರು. ಅದನ್ನು ಕೈಯಿಂದ ಹೇಗೆ ಮಾಡುವುದೆಂದು ಅವರಿಗೂ ಗೊತ್ತಿಲ್ಲ.

ಇನ್ನು ನನ್ನದು. ಇದನ್ನು ಬರೆಯಲು ಆರು ವರ್ಷ ಬೇಕಾಯಿತು.

ನನ್ನ ಕುಪ್ಪಸ ನಿನ್ನ ಹೊಲಿಗೆಯಿಂದ ಹರಿಯಲಿಲ್ಲ. ಮದುವೆಗೆ ತಿಂಗಳ ಮುಂಚೆ ನೀನು ಅಳತೆ ತೆಗೆದುಕೊಂಡೆ. ಆಮೇಲೆ ಬೀಗರು ಬಿಜ್ಜರೆಲ್ಲ ಮದುಮಗಳೆಂದು ಮನೆಮನೆಗೆ ಕರೆದು ಹೋಳಿಗೆ ತುಪ್ಪ ಉಣಿಸಿದರು. ಮದುವೆಯ ಬೆಳಿಗ್ಗೆ ಕುಪ್ಪಸ ತೊಟ್ಟರೆ ಬಲಗೈ ಮೇಲೆತ್ತಲು ಬರಲಿಲ್ಲ. ನಿನ್ನನ್ನು ಕರೆಯಬೇಕಿತ್ತು. ಐದು ನಿಮಿಷದ ಕೆಲಸ. ಆದರೆ ಕೋಣೆಯ ತುಂಬ ಗಂಡಿನ ಕಡೆಯ ಹೆಂಗಸರು. ದಪ್ಪಗಾಗಿದ್ದೇನೆ ಎಂದು ಅವರ ಮುಂದೆ ಹೇಗೆ ಹೇಳಲಿ? ಬಚ್ಚಲಿಗೆ ಹೋಗಿ ಸೂಜಿಯಿಂದ ಬಲಬಗಲ ಹೊಲಿಗೆ ನಾನೇ ಬಿಚ್ಚಿದೆ. ಸಿಕ್ಕ ದಾರದಲ್ಲಿ ಅಂಚಿಗೆ ನಾಲ್ಕು ಟಾಕು ಹಾಕಿಕೊಂಡೆ. ಮಾಲೆ ಹಾಕಲು ಕೈ ಎತ್ತಿದಾಗ ಬಿಚ್ಚಿತು. ನಾದಿನಿ ನಕ್ಕು, “ಯಾರ ಹೊಲಿಗಿವಾ ಇದು?” ಎಂದಳು. ನಾನು ನಿನ್ನ ಹೆಸರು ಹೇಳಿದೆ.

ನಾಳೆ ಸರಿಮಾಡಿದರಾಯಿತು ಎಂದುಕೊಂಡೆ. ಮರುದಿನ ಬಂಡಿ ಹತ್ತಿ ಬಂದೆ. ಅಲ್ಲಿ ಒಂದು ಸಣ್ಣ ಮಾತು ಬಿಟ್ಟು ಬಂದೆ ಅಷ್ಟೇ ಎಂದುಕೊಂಡಿದ್ದೆ, ಅದು ನಿನ್ನ ಅನ್ನ ತಿನ್ನುತ್ತದೆ ಎಂದು ತಿಳಿಯಲಿಲ್ಲ. ಇಮಾಮಣ್ಣ ಹೋದಾಗ ಬರೆದ ಕಾರ್ಡುಗಳನ್ನು ಹರಿದದ್ದು ಇದಕ್ಕೇ. ಇದನ್ನು ಬಿಟ್ಟು ಬೇರೆ ಏನು ಬರೆದರೂ ಅದು ಸುಳ್ಳಾಗುತ್ತಿತ್ತು.

ಕುಪ್ಪಸ ಇನ್ನೂ ಟ್ರಂಕಿನಲ್ಲಿತ್ತು. ಈ ಪತ್ರದ ಜೊತೆ ಪಾರ್ಸಲ್ ಮಾಡಿದ್ದೇನೆ. ಎಡಬಗಲಿಗೆ ನೀನು ಹಾಕಿದ ಹೊಲಿಗೆ ಹಾಗೆಯೇ ಇದೆ, ನೋಡು. ಈ ಪತ್ರವನ್ನು ಗುರವ್ವನ ಕಟ್ಟೆಯ ಮೇಲೆ ನಿಂತು ಎಲ್ಲರಿಗೂ ಕೇಳುವ ಹಾಗೆ ಓದು. ನೀನು ಓದುವುದಿಲ್ಲ ಎಂದು ನನಗೆ ಗೊತ್ತು. ಅದಕ್ಕೆ ಇದನ್ನೇ ನಮ್ಮ ಅವ್ವನಿಗೂ ಬರೆದಿದ್ದೇನೆ. ಓದಿಸಿಕೊಳ್ಳಲು ಆಕೆ ಮಾಸ್ತರರ ಹತ್ತಿರ ಹೋಗಲೇಬೇಕು. ಅಲ್ಲಿಗೆ ಅರ್ಧ ಊರಿಗೆ ತಿಳಿಯುತ್ತದೆ.

ಇವರಿಗೂ ಹೇಳಿದೆ. “ಆವತ್ತು ನೀ ದಪ್ಪ ಇದ್ದಿ ಅಂತ ನನಗ ಕಾಣಲೇ ಇಲ್ಲ” ಅಂದರು. ಅದಕ್ಕೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನೀನು ಕ್ಷಮಿಸಬೇಕೆಂದು ಬರೆಯುತ್ತಿಲ್ಲ. ಭಾವನವರಿಗೆ ಮಾತ್ರ ಇನ್ನೂ ಹೇಳಿಕಳಿಸಬೇಡ.

ಹಾಲವ್ವ


ಉಟಗಿ
2 ಫೆಬ್ರುವರಿ 1954

ಹಾಲವ್ವ,

ತಡವಾಗಿ ಬರೆಯುತ್ತಿದ್ದೇನೆ. ನಿನ್ನ ಪತ್ರ ಬಂದ ದಿನ ನನಗೆ ಓದಲು ಪುರುಸೊತ್ತಿರಲಿಲ್ಲ ಎಂದರೆ ನಂಬುತ್ತೀಯಾ? ಕೈಯಲ್ಲಿ ಸೂಜಿ ಇತ್ತು. ಯಾಕೆಂದು ಹೇಳುತ್ತೇನೆ.

ಮೈದಾನದಲ್ಲಿ ಬನೀನು ಬಿಚ್ಚಿದ ಆ ಸಂಜೆಯಿಂದ ಐದನೆಯ ದಿನ ಗುರವ್ವನ ಮನೆಯ ಮುಂದೆ ಹಾದುಹೋಗುತ್ತಿದ್ದೆ. ಆಕೆ ಕಟ್ಟೆಯ ಮೇಲೆ ಕಾಲು ಚಾಚಿ ಕಂಬಳಿ ಕೂಡಿಸುತ್ತಿದ್ದಳು. ಕುರುಬರ ಮಗ್ಗ ಸಣ್ಣದಲ್ಲವೇ, ಕಂಬಳಿಯನ್ನು ಎರಡು ಪಟ್ಟಿ ನೇಯ್ದು ನಡುವೆ ಕೈಯಿಂದ ಹೊಲಿದು ಒಂದು ಮಾಡುತ್ತಾರೆ. ಹುಟ್ಟಿದಾಗಿನಿಂದ ನೋಡಿದ್ದೇನೆ, ಒಂದು ದಿನವೂ ಕಣ್ಣಿಟ್ಟು ನೋಡಿರಲಿಲ್ಲ. ಆ ಕಂಬಳಿಯನ್ನು ಹೊದೆಯುತ್ತಾರೆ, ಹಾಸುತ್ತಾರೆ, ಮಳೆಯಲ್ಲಿ ನೆನೆದು ಹಿಂಡುತ್ತಾರೆ, ಕುರಿಮರಿ ಕಟ್ಟಿ ಹೊರುತ್ತಾರೆ. ನಡುವಿನ ಹೊಲಿಗೆ ಬಿಟ್ಟದ್ದನ್ನು ಯಾರೂ ಕಂಡಿಲ್ಲ. ನಾನು ನಿಂತುಬಿಟ್ಟೆ.

“ಯಾಕ, ಬೈಯಾಕ ಬಂದಿಯೇನು?” ಎಂದಳು ಗುರವ್ವ.

“ಇಲ್ಲ ಯವ್ವಾ, ಕಲಿಯಾಕ ಬಂದೀನಿ” ಎಂದೆ.

ಆಕೆ ನನ್ನ ಮುಖ ನೋಡಿದಳು. ಸರಿದು ಜಾಗ ಕೊಟ್ಟಳು. ಆಕೆಯ ಸೂಜಿ ನೆಟ್ಟಗೆ ಹೋಗುವುದಿಲ್ಲ. ಓರೆಯಾಗಿ ಆ ಪಟ್ಟಿಗೆ ಹೋಗಿ, ಒಂದು ಹೆಜ್ಜೆ ಹಿಂದೆ ಬಂದು, ಓರೆಯಾಗಿ ಈ ಪಟ್ಟಿಗೆ ಬರುತ್ತದೆ. ದಾರವನ್ನು ಪೂರ್ತಿ ಎಳೆಯದೆ ಒಂದು ಜೋಳದ ಕಾಳಿನಷ್ಟು ಸಡಿಲ ಬಿಡುತ್ತಾಳೆ. ನಾನು ಬಿಗಿಯಾಗಿ ಎಳೆದಾಗಲೆಲ್ಲ ಮೊಣಕೈಗೆ ತಿವಿದು, “ಬಿಡs ಸ್ವಲ್ಪ. ಉಸರಾಡಾಕ ಬಿಡು” ಎಂದಳು. ಎರಡು ದಿನ ತಿವಿಸಿಕೊಂಡೆ. ಮೂರನೆಯ ದಿನ ಒಂದು ತೋಳು ಕೂಡಿಸಿ ಆಕೆಯ ಕೈಗೆ ಕೊಟ್ಟೆ. ಗುರವ್ವ ಅದನ್ನು ಹೆಬ್ಬೆರಳಿನಿಂದ ತಿಕ್ಕಿದಳು, ಹಲ್ಲಿನಿಂದ ಕಚ್ಚಿ ಜಗ್ಗಿದಳು, ಕಾಲಡಿ ಹಾಕಿ ಎಳೆದಳು. ಹೊಲಿಗೆ ಅರಿವೆಯ ಜೊತೆ ಜಗ್ಗಿತು, ಅದರ ಜೊತೆಗೇ ಕೂಡಿಕೊಂಡಿತು. “ಇನ್ನ ಎಂಟು ಹೊಲಿ” ಎಂದಳು. ಹೊಗಳಿಕೆಯೆಂದರೆ ಅಷ್ಟೇ. ಅಂಚು, ಕೊರಳ ಪಟ್ಟಿ ಮಷೀನಿನಲ್ಲಿ. ಭುಜ, ಬಗಲು ಕೈಯಲ್ಲಿ. ಇಪ್ಪತ್ತೈದರ ಮಧ್ಯಾಹ್ನಕ್ಕೆ ಒಂಬತ್ತೂ ಮುಗಿದವು.

ಪಂದ್ಯದ ದಿನ ಎಸ್ಟಿ ಬಸ್ಸಿನಲ್ಲಿ ಹೆಂಗಸರೂ ಜತ್ತಕ್ಕೆ ಹೋದೆವು. ಮೊದಲನೆಯದರಲ್ಲಿ ನಮ್ಮವರು ಕುಣಿಕೋಣೂರ ತಂಡವನ್ನು ಸೋಲಿಸಿದರು. ಎರಡನೆಯದರಲ್ಲಿ ಶೇಗಾಂವದವರ ಕೈಯಲ್ಲಿ ಎರಡು ಅಂಕದಿಂದ ಸೋತರು. ಸೋತದ್ದು ಬಿಡು. ಶೇಗಾಂವದ ಮೂವರು ಬೀರದೇವನ ಒಂದೇ ತೋಳಿಗೆ ಜೋತುಬಿದ್ದರು. ತೋಳು ಜಗ್ಗಿ ಜಗ್ಗಿ ಮೊಣಕಾಲಿಗೆ ಬಂತು. ನಾನು ಕಣ್ಣು ಮುಚ್ಚಿದೆ. ಸಪ್ಪಳ ಬರಲಿಲ್ಲ. ಕಣ್ಣು ತೆಗೆದರೆ ಅವನು ಮೂವರನ್ನೂ ಎಳೆದುಕೊಂಡು ಗೆರೆ ಮುಟ್ಟಿದ್ದ. ಎದ್ದು ನಿಂತು ತೋಳು ಕೊಡವಿದ, ಅದು ಮೇಲೆ ಹೋಗಿ ತನ್ನ ಜಾಗಕ್ಕೆ ಕೂತಿತು. ಗೆದ್ದ ಶೇಗಾಂವದವರೇ ಬಂದು, “ಯಾರ ಹೊಲಿಗಿರೀ ಇದು?” ಎಂದು ಕೇಳಿದರು. ಗುರವ್ವ ಎಲ್ಲರಿಗಿಂತ ಮುಂದೆ ನಿಂತು, “ನಮ್ಮ ಮಹಮುದಾನ ಹೊಲಿಗಿ” ಎಂದಳು. ಅದೇ ಬಾಯಿ. ಶೇಗಾಂವದವರು ತಮಗೂ ಒಂಬತ್ತು ಹೇಳಿದ್ದಾರೆ. ನಿಮ್ಮವರಿಗೆ ಹೇಳಿ ಕೋರಾ ತೆಗೆದಿಡಿಸು.

ಭಾವನವರೂ ಬಂದಿದ್ದರು. ಬೀರದೇವನ ಬನೀನು ಬಿಚ್ಚಿಸಿ, ಒಳಮೈ ಹೊರಮಾಡಿ, ಹೊಲಿಗೆಯ ಮೇಲೆ ಬೆರಳಾಡಿಸಿದರು. ಮರುದಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ಮಷೀನಿನ ಎಣ್ಣೆಯ ಒಂದು ಡಬ್ಬಿ ಬಂತು. ಬಂಡಿ ಬರುವುದಿಲ್ಲ ಎಂದು ಅದರ ಅರ್ಥ.

ಮೊನ್ನೆ ನಿಮ್ಮ ಅವ್ವ ಭಾಗವ್ವ ಬಾಗಿಲಿಗೆ ಬಂದಳು. ಕೈಯಲ್ಲಿ ನಿನ್ನ ಪತ್ರ, ಇನ್ನೊಂದು ಕೈಯಲ್ಲಿ ಎರಡು ಕುಪ್ಪಸದ ಖಣ. ಪತ್ರದ ಮಾತು ತೆಗೆಯಲಿಲ್ಲ. ಖಣಗಳನ್ನು ನನ್ನ ಮಷೀನಿನ ಮೇಲಿಟ್ಟು, ಎರಡೂ ಕೈ ಅಗಲಿಸಿ, “ಅಳತಿ ತಗೋವಾ” ಎಂದು ನಿಂತಳು. ಕಣ್ಣಲ್ಲಿ ನೀರಿತ್ತು. ನಾನು ಅಳತೆ ತೆಗೆದುಕೊಂಡೆ.

ಈಗ ಪುಸ್ತಕದ ಮಾತು ಸಾಕು. ಮಾಸ್ತರು ಸಿಟ್ಟಾದ್ರ ಆಗ್ಲಿ. ಇದನ್ನ ಪುಸ್ತಕದ ಮಾತಿನ್ಯಾಗ ಬರಿಯಾಕ ನನಗ ಬರಂಗಿಲ್ಲ.

ಹಾಲವ್ವ, ನನಗ ಗೊತ್ತಿತ್ತು. ಅವತ್ತs ಗೊತ್ತಿತ್ತು. ನಾ ನಿನ್ನ ಕುಪ್ಪಸಕ್ಕ ಹಾಕಿದ್ದು ಹಸರ ದಾರ. ನೀ ಮಾಲಿ ಹಾಕಾಕ ಕೈ ಎತ್ತಿದಾಗ ಬಗಲಾಗ ಜೋತಾಡತಿದ್ದದ್ದು ಬಿಳಿ ದಾರ. ನಾ ಮೂರು ಮಾರು ದೂರ ನಿಂತಿದ್ದೆ. ನಿಮ್ಮ ನಾದಿನಿ ಕೇಳಿದಾಗ ನೀ ನನ್ನ ಹೆಸರ ಹೇಳಿದ್ದೂ ಕೇಳಿದೆ. ಒಂದ ಮಾತು ಆಡಿದ್ರ ಸಾಕಾಗಿತ್ತು. ಆದ್ರ ಅಕ್ಕಿಕಾಳ ಬೀಳೂ ಹೊತ್ತಿನ್ಯಾಗ ಮದುಮಗಳು ಸುಳ್ಳಿ ಅಂತ ಯಾವ ಬಾಯಿಲೆ ಹೇಳಲಿ? ನೀ ಹೋಗೂ ಮನಿಯಾಗ ಮೊದಲನೇ ದಿನಾನೇ ನಿನ್ನ ಹೆಸರ ಕೆಡಬಾರದು ಅಂತ ಸುಮ್ಮನಾದೆ. ಇಮಾಮಗೂ ಹೇಳಲಿಲ್ಲ. ನಾಳೆ ಹೇಳ್ತಾಳ, ನಾಡದ ಹೇಳ್ತಾಳ ಅಂತ ಕಟ್ಟಿ ಮ್ಯಾಲ ಕುಂತು ದಾರಿ ನೋಡಿದೆ. ಆಮ್ಯಾಲ ಕಟ್ಟಿ ಮ್ಯಾಲ ಕುಂದ್ರೂದು ಬಿಟ್ಟೆ. ಊರವ್ರು ಆಡಿದ್ದಕ್ಕ ನಾ ಅಷ್ಟು ಅಳಲಿಲ್ಲ. ನೀ ಬರೀಲಿಲ್ಲ ಅಂತ ಅತ್ತೆ.

ಬನೀನಿನ ಅರಿವಿ ಬ್ಯಾರೆ ಯಾರ ಕಡಿಂದಾದ್ರೂ ತರಿಸಬಹುದಾಗಿತ್ತು. ಭಾವನ ಅಂಗಡಿ ಜತ್ತದಾಗ ಇಲ್ಲೇನು? ನಿನಗs ಯಾಕ ಬರದೆ, ನೀನs ವಿಚಾರ ಮಾಡು.

ನಿನ್ನ ಕುಪ್ಪಸ ನನ್ನ ಮುಂದ ಅದ. ಎಡಗಡಿದು ಮುಟ್ಟಂಗಿಲ್ಲ, ಅದು ಹಂಗ ಇರ್ಲಿ. ಬಲಗಡಿ ಆ ನಾಲ್ಕು ಬಿಳಿ ಟಾಕು ಇನ್ನೂ ಜೋತಾಡತಿದ್ದೂ, ಅವನ್ನ ಇವತ್ತ ತಗದೆ. ಅಲ್ಲಿ ಎರಡ ಬೆರಳ ಹಸರ ಪಟ್ಟಿ ಕೂಡಿಸಿ, ಗುರವ್ವನ ಕಂಬಳಿ ಹೊಲಿಗಿ ಹಾಕ್ತೀನಿ. ನೀ ಎಷ್ಟು ಹೋಳಿಗಿ ತಿಂದ್ರೂ ಜಗ್ತದ, ಬಿಡಂಗಿಲ್ಲ. ಆದ್ರ ಪಟ್ಟಿ ಕತ್ತರಸೂಕಿಂತ ಮೊದಲ ಒಂದು ಬೇಕು. ಯುಗಾದಿಗೆ ಬಂದು ಕಟ್ಟಿ ಮ್ಯಾಲ ಕುಂದ್ರು, ನಾನs ಹಿಡದು ನೋಡ್ತೀನಿ. ಅಷ್ಟು ತಡಾ ಆಗ್ತದಂದ್ರ ಟಪಾಲಿಗೆ ಅಳತಿ ಬರದು ಕಳಸು.

ಈ ಸಲ ಖರೇ ಅಳತಿ ಕಳಸು.

ನಿನ್ನ
ಮಹಮುದಾ